ಪ್ಯೂರಾ, ಕ್ರಾಸಾ? ಮುಖ ಬಿಡಿ, ಟೇಪು ಹಿಡೀರಿ

ಸುರತ್ಕಲ್‌ನಲ್ಲೋ ಪಡುಬಿದ್ರಿಯಲ್ಲೋ ಹೆದ್ದಾರಿ ಬದಿ ಯಾರೋ ಬಿಟ್ಟುಹೋದ ನಾಯಿ ಸಿಗುತ್ತದೆ. ಕಿವಿ ನೆಟ್ಟಗೆ, ಬೆನ್ನು ಕಪ್ಪು, ಕಾಲು ಕಂದು. ಸಂಜೆಯೊಳಗೆ ಅದರ ಫೋಟೊ ಹತ್ತು ವಾಟ್ಸ್ಆ್ಯಪ್ ಗ್ರೂಪ್ ಸುತ್ತಿರುತ್ತದೆ. ಗಾಯ ಉಂಟಾ, ನೀರು ಕುಡಿಯುತ್ತದಾ ಎಂದು ಕೇಳುವ ಮೊದಲೇ ಬರುವ ಪ್ರಶ್ನೆ: "ಪ್ಯೂರಾ, ಕ್ರಾಸಾ?" "ಒರಿಜಿನಲ್ ಅಲ್ಸೇಷಿಯನ್ ಮಾರಾಯ್ರೆ" ಎಂದು ಒಬ್ಬರು. "ಬೆನ್ನು ಇಳಿಜಾರಿಲ್ಲ, ಕ್ರಾಸ್" ಎಂದು ಇನ್ನೊಬ್ಬರು. ಇಬ್ಬರೂ ನೋಡಿದ್ದು ಒಂದೇ ಮಸುಕು ಫೋಟೊ.

ನಾನು ಹೇಳುವುದು ಇಷ್ಟೆ. ಕಣ್ಣಲ್ಲಿ ನೋಡಿ "ಇದು ಕ್ರಾಸ್" ಎಂದು ಕೆಲವು ಸಲ ಧೈರ್ಯವಾಗಿ ಹೇಳಬಹುದು. "ಇದು ಪ್ಯೂರ್" ಎಂದು ಯಾವತ್ತೂ ಹೇಳಲಿಕ್ಕಾಗುವುದಿಲ್ಲ. ಯಾಕೆಂದರೆ ಪ್ಯೂರ್ ಎನ್ನುವುದು ನಾಯಿಯ ಮೈಮೇಲೆ ಬರೆದದ್ದಲ್ಲ, ದಾಖಲೆ ಪುಸ್ತಕದಲ್ಲಿ ಬರೆದದ್ದು. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಅಧಿಕಾರಿ ಹೊರಾಂಡ್ ಎಂಬ ನಾಯಿಯನ್ನು ಮೊದಲ ನಂಬರಾಗಿ ಬರೆದುಕೊಂಡಲ್ಲಿಂದ ಜರ್ಮನ್ ಶೆಫರ್ಡ್ ಲೆಕ್ಕ ಶುರುವಾಗುತ್ತದೆ. (ಅಲ್ಸೇಷಿಯನ್ ಬೇರೆ, ಜರ್ಮನ್ ಶೆಫರ್ಡ್ ಬೇರೆ ಎಂದು ವಾದಿಸುವವರು ಇನ್ನೂ ಇದ್ದಾರೆ. ಎರಡೂ ಒಂದೇ. ಮೊದಲ ಮಹಾಯುದ್ಧದ ನಂತರ "ಜರ್ಮನ್" ಎಂಬ ಪದ ಬೇಡವಾಗಿ ಬ್ರಿಟನ್‌ನವರು ಇಟ್ಟ ಹೆಸರು ಅಲ್ಸೇಷಿಯನ್. 1977ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬೇ ಹಳೆ ಹೆಸರಿಗೆ ಮರಳಿತು.)

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಮೈಕ್ರೋಚಿಪ್, ಅಂದರೆ ಗುರುತಿನ ನಂಬರಿಗಾಗಿ ಸಾಕಿದವರು ಚರ್ಮದಡಿ ಹಾಕಿಸಿರಬಹುದಾದ ಪುಟ್ಟ ಚಿಪ್, ಹುಡುಕುವುದು. ಸ್ಕ್ಯಾನರ್ ಇರುವ ಕ್ಲಿನಿಕ್‌ಗೆ ಒಯ್ದು ಎರಡು ಹೆಗಲ ನಡುವೆ ನಿಧಾನಕ್ಕೆ ಆಡಿಸಲಿಕ್ಕೆ ಹೇಳಿ. ಚಿಪ್ ಚರ್ಮದಡಿಯಲ್ಲಿ ಜಾರುತ್ತದೆ. ಹೆಗಲಲ್ಲಿ ಸಿಗಲಿಲ್ಲವೆಂದರೆ ಎರಡೂ ಮುಂಗಾಲಿನ ಮೊಣಕೈವರೆಗೆ, ಎದೆಯ ಬದಿಗೆ ಕೂಡ ನೋಡಬೇಕು. 15 ಅಂಕಿ ಬಂದರೆ ಪ್ಯೂರಾ ಕ್ರಾಸಾ ಆಮೇಲೆ. ಮೊದಲು ವಾರಸುದಾರರನ್ನು ಹುಡುಕಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಜತೆಯಲ್ಲೇ ಬಂದರೂ ಅದರಲ್ಲಿರುವ ಚಿಪ್ ನಂಬರು ಈ ನಾಯಿಯ ಮೈಯಲ್ಲಿರುವ ಚಿಪ್‌ನ ನಂಬರಿಗೆ ತಾಳೆಯಾಗದಿದ್ದರೆ ಆ ಕಾಗದ ಬೇರೆ ಯಾವುದೋ ನಾಯಿಯದ್ದು.

ಚಿಪ್ ಇಲ್ಲ ಎಂದಾದರೆ, ಎರಡು ತಿಂಗಳು ಯಾರಿಗೂ ಏನೂ ಹೇಳಬೇಡಿ. ಕಜ್ಜಿ ಹತ್ತಿ ರೋಮ ಉದುರಿದ, ಉಣ್ಣಿ ರಕ್ತ ಹೀರಿದ ನಾಯಿಯ ತಳಿ ಗುರುತಿಸುವುದೆಂದರೆ ಎಲೆ ಉದುರಿದ ಮರ ನೋಡಿ ಮಾವಿನ ಜಾತಿ ಹೇಳಿದಂತೆ. ಜಂತುಹುಳದ ಮಾತ್ರೆ, ಹೊಟ್ಟೆ ತುಂಬ ಊಟ, ಚರ್ಮದ ಚಿಕಿತ್ಸೆ ಎಲ್ಲ ಆಗಿ ಎಂಟು ಹತ್ತು ವಾರ ಕಳೆದಾಗ ನಿಜವಾದ ರೋಮ ಬರುತ್ತದೆ. ಅಷ್ಟರಲ್ಲಿ ವಯಸ್ಸು ನೋಡಿಕೊಳ್ಳಬಹುದು. ನಾಯಿಗೆ ಹಾಲುಹಲ್ಲು 28, ಶಾಶ್ವತ ಹಲ್ಲು 42. ಮುಂದಿನ ಬಾಚಿಹಲ್ಲು ಮೂರು-ನಾಲ್ಕು ತಿಂಗಳಿಗೆ ಬದಲಾಗುತ್ತದೆ, ಕೋರೆಹಲ್ಲು ಐದು-ಆರಕ್ಕೆ, ಏಳು ತಿಂಗಳಿಗೆ ಎಲ್ಲ ಮುಗಿದಿರುತ್ತದೆ. ವಯಸ್ಸು ಗೊತ್ತಿಲ್ಲದೆ ಎತ್ತರ ಅಳೆದು ಪ್ರಯೋಜನವಿಲ್ಲ.

ಈಗ ಟೇಪು. ಸಿಮೆಂಟು ನೆಲದ ಮೇಲೆ, ಗೋಡೆಗೆ ಒತ್ತಿ ನಾಯಿಯನ್ನು ನಾಲ್ಕು ಕಾಲೂ ನೇರ ಬರುವಂತೆ ನಿಲ್ಲಿಸಿ. ಹೆಗಲ ಮೂಳೆಯ ತುದಿ ಕೈಗೆ ಸಿಗುವಲ್ಲಿ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅಡ್ಡ ಇಟ್ಟು, ಅದರ ಅಡಿಯಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗೀಟು ಹಾಕಿ. ನೆಲದಿಂದ ಗೀಟಿನವರೆಗೆ ಎತ್ತರ. ತಲೆ ಲೆಕ್ಕಕ್ಕಿಲ್ಲ. ಆಮೇಲೆ ಎದೆಮೂಳೆಯ ಮುಂತುದಿಯಿಂದ ಪೃಷ್ಠದ ಮೂಳೆಯ ಹಿಂತುದಿಯವರೆಗೆ ಉದ್ದ. ಟೇಪು ಮೈಗೆ ಸುತ್ತದೆ ಗಾಳಿಯಲ್ಲಿ ನೇರ ಹಿಡಿದು ಅಳೆಯಬೇಕು. ಮೂರು ಸಲ ಅಳೆದು ನಡುವಿನ ಅಂಕಿ ಇಟ್ಟುಕೊಳ್ಳಿ, ಯಾಕೆಂದರೆ ಹೆದರಿದ ನಾಯಿ ಕುಗ್ಗಿ ನಿಲ್ಲುತ್ತದೆ, ಮೂರು ನಾಲ್ಕು ಸೆಂಟಿಮೀಟರ್ ಅಲ್ಲೇ ಹೋಗುತ್ತದೆ.

ಜರ್ಮನ್ ಶೆಫರ್ಡ್‌ಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಗಂಡು 60ರಿಂದ 65 ಸೆಂ.ಮೀ., ಹೆಣ್ಣು 55ರಿಂದ 60. ಉದ್ದವು ಎತ್ತರಕ್ಕಿಂತ ಶೇ 10ರಿಂದ 17ರಷ್ಟು ಜಾಸ್ತಿ. ಅಂದರೆ 60 ಎತ್ತರದ ನಾಯಿ 66ರಿಂದ 70 ಉದ್ದ ಇರಬೇಕು. ನಮ್ಮ ಊರ ನಾಯಿ ಹೆಚ್ಚುಕಡಿಮೆ ಚೌಕ; ಎತ್ತರವೂ ಉದ್ದವೂ ಹತ್ತಿರ ಹತ್ತಿರ. ಪೂರ್ತಿ ಬೆಳೆದ ಗಂಡು 52 ಸೆಂ.ಮೀ. ಇದ್ದು ಉದ್ದ 53 ಬಂತೆಂದರೆ, ಬಣ್ಣ ಎಷ್ಟೇ ಚಂದ ಇರಲಿ, ಒಳಗೆ ಊರ ನಾಯಿಯ ಪಾಲು ಉಂಟೆಂದು ಅಂದಾಜಿಸಬಹುದು. ತೂಕವನ್ನು ನಂಬಬೇಡಿ, ಹಸಿದ ನಾಯಿಯ ತೂಕ ಏನನ್ನೂ ಹೇಳುವುದಿಲ್ಲ. ಇಳಿಜಾರು ಬೆನ್ನನ್ನೂ ನಂಬಬೇಡಿ. ಶೋ ಫೋಟೊಗಳಲ್ಲಿ ಒಂದು ಹಿಂಗಾಲನ್ನು ಹಿಂದಕ್ಕೆ ಎಳೆದು ನಿಲ್ಲಿಸಿರುತ್ತಾರೆ, ಇಳಿಜಾರು ಅರ್ಧ ಅಲ್ಲಿಂದಲೇ ಬರುವುದು. ಶೋಗಲ್ಲ, ಕೆಲಸಕ್ಕೆಂದೇ ಬೆಳೆಸಿದ ಸಾಲಿನ ಶೆಫರ್ಡ್‌ಗಳ ಬೆನ್ನು ಸಾಕಷ್ಟು ನೇರ.

ಕಿವಿಯ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಶೆಫರ್ಡ್ ಮರಿಯ ಕಿವಿ ಎದ್ದದ್ದು ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳ ನಡುವೆ ಮತ್ತೆ ಬೀಳಬಹುದು. ಆಗ "ಕಿವಿ ಬಿತ್ತು, ಕ್ರಾಸ್" ಎಂದು ರಸ್ತೆಗೆ ಬಿಟ್ಟವರಿದ್ದಾರೆ. ಇನ್ನು ಕೆಲವರು ಕಿವಿ ಏಳಲಿ ಎಂದು ಕ್ಯಾಲ್ಸಿಯಂ ಸಿರಪ್ ಸುರಿಯುತ್ತಾರೆ. ಕಿವಿಯಲ್ಲಿರುವುದು ಮೃದ್ವಸ್ಥಿ, ಕ್ಯಾಲ್ಸಿಯಂನಿಂದ ಅದು ಏಳುವುದಿಲ್ಲ. ದೊಡ್ಡ ತಳಿಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಕಾಲಿನ ಮೂಳೆಯನ್ನು ಹಾಳುಮಾಡುತ್ತದೆ. ಅತ್ತ ನೆಟ್ಟಗಿನ ಕಿವಿಯೂ ಸಾಕ್ಷಿಯಲ್ಲ. ಊರ ನಾಯಿಗಳಲ್ಲಿ ಎಷ್ಟೋ ನಾಯಿಗೆ ನೆಟ್ಟಗಿನ ಕಿವಿಯೇ.

ಬಣ್ಣಕ್ಕೆ ಬರೋಣ, ಇದು ಸ್ವಲ್ಪ ಕುತೂಹಲದ ಜಾಗ. ಶೆಫರ್ಡ್‌ನ ಕಪ್ಪು-ಕಂದು ಬಣ್ಣದ ಜೀನ್ ಹಿಂದೆ ಸರಿಯುವ ಸ್ವಭಾವದ್ದು. ಊರ ನಾಯಿಯ ಕೆಂಗಂದು ಬಣ್ಣದ ಜೀನ್ ಅದರ ಮೇಲೆ ಕೂರುತ್ತದೆ. ಆದರೆ ಶೆಫರ್ಡ್‌ನ ಕಪ್ಪು ಮುಖವಾಡದ ಜೀನ್ ಪ್ರಬಲ. ಹಾಗಾಗಿ ಕಪ್ಪು-ಕಂದು ಶೆಫರ್ಡ್ ಮತ್ತು ಕೆಂಗಂದು ಊರ ನಾಯಿ ಕೂಡಿದರೆ ಹುಟ್ಟುವ ಮರಿಗಳಲ್ಲಿ ಬಹಳಷ್ಟು ಕೆಂಗಂದು ಮೈ, ಕಪ್ಪು ಮೂತಿ, ನೆಟ್ಟಗಿನ ಕಿವಿ, ಸಣ್ಣ ರೋಮ. ಅದನ್ನು ನೋಡಿದವರು ಏನು ಹೇಳುತ್ತಾರೆ? "ಬೆಲ್ಜಿಯನ್ ಮಾಲಿನೋಯಿಸ್!" ಪೊಲೀಸರ ಹತ್ತಿರ, ಕಮಾಂಡೊಗಳ ಹತ್ತಿರ ಮಾಲಿನೋಯಿಸ್ ಇರುವ ವಿಡಿಯೊಗಳು ಬಂದ ಮೇಲಂತೂ ಕಪ್ಪು ಮೂತಿಯ ನಾಯಿಗಳಿಗೆಲ್ಲ ಆ ಹೆಸರು ಬಂದಿದೆ. ಅಪ್ಪ-ಅಮ್ಮ ಎರಡರಲ್ಲೂ ಮಾಲಿನೋಯಿಸ್ ಹನಿಯೂ ಇಲ್ಲದೆ ಮಾಲಿನೋಯಿಸ್ ಹೋಲುವ ಮರಿ ಹುಟ್ಟುತ್ತದೆ ಎನ್ನುವುದನ್ನು ಒಪ್ಪಿಸುವುದು ಕಷ್ಟ.

ರೋಮದ ಕಥೆಯೂ ಹೀಗೆಯೇ. ಸಣ್ಣ ರೋಮ ಪ್ರಬಲ, ಉದ್ದ ರೋಮ ಅಡಗುವಂಥದ್ದು. ಕುರಿ ಕಾಯುವ ತಳಿಯಾದ ಉದ್ದ ಕೂದಲಿನ ಕೋಲಿಗೆ ಊರ ನಾಯಿಯಿಂದ ಮರಿಯಾದರೆ ಸಾಮಾನ್ಯವಾಗಿ ಎಲ್ಲವೂ ಸಣ್ಣ ರೋಮದವು. ಅರ್ಧಕ್ಕರ್ಧ ಕೋಲಿ ಎದುರಿಗೆ ನಿಂತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಮಾರುವವರು "ಡಬಲ್ ಕೋಟ್" ಎಂದರೆ ಉದ್ದ ಕೂದಲಿನದ್ದು, ಹೆಚ್ಚು ರೇಟಿನದ್ದು. ಅಸಲಿಗೆ ಮಾನದಂಡದ ಪ್ರಕಾರ ಎಲ್ಲ ಶೆಫರ್ಡ್‌ಗೂ ಎರಡು ಪದರ ಇರಬೇಕು. ಬೆರಳಿನಿಂದ ಬೆನ್ನಿನ ರೋಮವನ್ನು ಬೈತಲೆ ತೆಗೆದ ಹಾಗೆ ಬಿಡಿಸಿ ನೋಡಿ: ಮೇಲಿನ ಒರಟು ರೋಮದ ಬುಡದಲ್ಲಿ ಬೂದು ಬಣ್ಣದ ಹತ್ತಿಯಂಥ ಪದರ ಕಂಡರೆ ಅದು ಒಳಕೋಟು. ಮಂಗಳೂರಿನ ಸೆಕೆಗೆ ಮಾರ್ಚ್-ಏಪ್ರಿಲ್‌ನಲ್ಲಿ ಅದು ಬಹಳ ತೆಳುವಾಗಿರಬಹುದು, ಅದಕ್ಕೆ ಒಮ್ಮೆ ಡಿಸೆಂಬರ್-ಜನವರಿಯಲ್ಲಿ ನೋಡಿ. ಎರಡು ತಿಂಗಳ ಮರಿಯ ಬಣ್ಣ ನೋಡಿ ಮಾತ್ರ ತೀರ್ಪು ಕೊಡಬೇಡಿ. ಶೆಫರ್ಡ್ ಮರಿ ಹುಟ್ಟುವಾಗ ಬಹುಪಾಲು ಕಪ್ಪೇ, ಕಂದು ಆಮೇಲೆ ಏರುತ್ತ ಹೋಗುತ್ತದೆ. ರಾಟ್‌ವೀಲರ್ ಕ್ರಾಸ್ ಎಂದು ಕೊಂಡೊಯ್ದದ್ದು ವರ್ಷಕ್ಕೆ ಶೆಫರ್ಡ್ ಆಗಿ ನಿಲ್ಲುತ್ತದೆ.

ಬಾಯಿಯ ಅಂಗುಳು ಕಪ್ಪಿದ್ದರೆ ಪ್ಯೂರ್, ನಾಲಿಗೆಯಲ್ಲಿ ಮಚ್ಚೆ ಇದ್ದರೆ ಕ್ರಾಸ್, ಉಗುರು 20 ಇದ್ದರೆ ಉತ್ತಮ ಜಾತಿ: ಮೂರೂ ಬುರುಡೆ. ಎದೆಯ ಮೇಲೆ ಚಿಕ್ಕ ಬಿಳಿ ಬೊಟ್ಟು ಇದ್ದರೂ ಶೆಫರ್ಡ್ ಮಾನದಂಡ ಸಹಿಸಿಕೊಳ್ಳುತ್ತದೆ. ಆದರೆ ಬಿಳಿ ಕಾಲುಚೀಲ, ಬಿಳಿ ಕುತ್ತಿಗೆಪಟ್ಟಿ, ಸದಾ ಬೆನ್ನ ಮೇಲೆ ಬಿಗಿಯಾಗಿ ಸುರುಳಿ ಸುತ್ತಿದ ಬಾಲ, ಇವು ಬೇರೆ ರಕ್ತದ ಸೂಚನೆ. ಕಪ್ಪು-ಬಿಳಿ ಊರ ನಾಯಿಯನ್ನೆಲ್ಲ ಬಾರ್ಡರ್ ಕೋಲಿ ಎನ್ನುವವರಿಗೆ ಹೇಳುವುದಿಷ್ಟೇ: ಬಿಳಿ ಕುತ್ತಿಗೆಪಟ್ಟಿ ಎಷ್ಟೋ ಊರ ನಾಯಿಗಳಲ್ಲೂ ಉಂಟು. ಬೂದಿ ಬಣ್ಣದ ಮೇಲೆ ಕಪ್ಪು ಕಲೆ ಚೆಲ್ಲಿದಂಥ ಮರ್ಲ್ ಬಣ್ಣ ಕಂಡರೆ ಮಾತ್ರ ಸ್ವಲ್ಪ ನಿಲ್ಲಿ. ಅದು ಆಸ್ಟ್ರೇಲಿಯನ್ ಶೆಫರ್ಡ್ ಅಥವಾ ಕೋಲಿಯಿಂದ ಬಂದಿರಬಹುದು. ಗ್ರೇಟ್ ಡೇನ್, ಡ್ಯಾಶುಂಡ್‌ನಲ್ಲೂ ಉಂಟು. ಜರ್ಮನ್ ಶೆಫರ್ಡ್ ಮಾನದಂಡದಲ್ಲಿ ಈ ಬಣ್ಣವೇ ಇಲ್ಲ.

"ಮಕ್ಕಳನ್ನು ಸುತ್ತುಗಟ್ಟುತ್ತದೆ, ಕೋಳಿಗಳನ್ನು ಮೂಲೆಗೆ ಒಟ್ಟುಮಾಡುತ್ತದೆ, ಖಂಡಿತ ಶೆಫರ್ಡ್" ಎಂಬ ವಾದವೂ ಬರುತ್ತದೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,385 ನಾಯಿಗಳ ಮಾಹಿತಿ ಸೇರಿಸಿ ನೋಡಿತು; ಒಂದೊಂದು ನಾಯಿಯ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ 9ರಷ್ಟು ಮಾತ್ರ. ಬೈಕಿನ ಹಿಂದೆ ಓಡುವುದು ಎಲ್ಲ ನಾಯಿಗಳ ಹವ್ಯಾಸ. ನೋಡಬೇಕಾದ್ದು ಓಡುವ ರೀತಿ. ಬಾರ್ಡರ್ ಕೋಲಿ ತಲೆ ತಗ್ಗಿಸಿ, ಮೈ ನೆಲಕ್ಕೆ ಹತ್ತಿರ ಮಾಡಿ, ರೆಪ್ಪೆ ಮಿಟುಕಿಸದೆ ದಿಟ್ಟಿಸುತ್ತ ದೂರದಿಂದ ಬಳಸಿ ಬರುತ್ತದೆ. ಶೆಫರ್ಡ್ ಕೆಲಸ ಬೇರೆ: ಬೇಲಿಯಿಲ್ಲದ ಹೊಲದ ಅಂಚಿನಲ್ಲಿ ಅತ್ತಿಂದಿತ್ತ ನಡೆದು ತಾನೇ ಬೇಲಿಯಾಗುವುದು. ಅಂಗಳದ ಗಡಿಯಲ್ಲಿ ಒಂದೇ ಗೆರೆ ಸವೆಯುವ ಹಾಗೆ ನಡೆಯುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಆದರೆ ಕಟ್ಟಿಹಾಕಿ ಸಾಕಿದ ಬೇಸರದ ನಾಯಿಯೂ ಹಾಗೆಯೇ ನಡೆಯುತ್ತದೆ.

ಡಿಎನ್‌ಎ ಪರೀಕ್ಷೆ ಮಾಡಿಸುವವರು ಕೆನ್ನೆಯ ಒಳಭಾಗದಿಂದ ಬ್ರಷ್‌ನಲ್ಲಿ ಮಾದರಿ ತೆಗೆಯುವ ಮೊದಲು ನಾಯಿಗೆ ಊಟ ಕೊಡದೆ, ಬೇರೆ ನಾಯಿಯ ಜತೆ ಒಂದೇ ಪಾತ್ರೆಯಲ್ಲಿ ನೀರು ಕುಡಿಯಲು ಬಿಡದೆ ಒಂದೆರಡು ಗಂಟೆ ಇಡಿ. ಬ್ರಷ್‌ಗೆ ಜೊಲ್ಲು ಸಾಲದು, ಕೆನ್ನೆಯ ಕೋಶ ಬರುವಂತೆ ಉಜ್ಜಬೇಕು. ಜುಲೈ ಮಳೆಯಲ್ಲಿ ಇದನ್ನು ಮಾಡಿದರೆ ಬ್ರಷ್ ಒಣಗದೆ ಬೂಸ್ಟು ಬರುವ ಸಾಧ್ಯತೆ ಉಂಟು. ಕಿಟ್‌ನ ಸೂಚನೆಯಂತೆ ಪೂರ್ತಿ ಒಣಗಿಸಿ ಹಾಕಿ. ಪರೀಕ್ಷೆ ಮಾಡುವವರ ಸಂಗ್ರಹದಲ್ಲಿ ಯಾವ ತಳಿಗಳ ಮಾದರಿ ಉಂಟೋ ಅವುಗಳಿಗೆ ಮಾತ್ರ ಹೋಲಿಕೆ. ಸಂಗ್ರಹದಲ್ಲಿ ಭಾರತದ ಊರ ನಾಯಿ ಇಲ್ಲದಿದ್ದರೆ, ನಮ್ಮ ಕಡಲತಡಿಯ ನಾಯಿಗೆ ಎಲ್ಲೆಲ್ಲಿಯದೋ ಅಜ್ಜಂದಿರು ಹುಟ್ಟಿಕೊಳ್ಳುತ್ತಾರೆ.

ಹಾಗಾದರೆ ಈ ಅಂದಾಜು ಯಾಕೆ ಬೇಕು? ಎಲ್ಲಕ್ಕಿಂತ ಗಟ್ಟಿ ಕಾರಣ ಒಂದುಂಟು: ಐವರ್‌ಮೆಕ್ಟಿನ್. ಕಜ್ಜಿಗೆ, ಉಣ್ಣಿಗೆ ನಮ್ಮಲ್ಲಿ ಸಲೀಸಾಗಿ ಚುಚ್ಚುವ ಮದ್ದು. ಎಂಡಿಆರ್1 ಎಂಬ ಜೀನ್ ಕೆಟ್ಟಿರುವ ನಾಯಿಗಳಲ್ಲಿ ಇದು ಮಿದುಳಿಗೆ ನುಗ್ಗುತ್ತದೆ. ಕೋಲಿಗಳಲ್ಲಿ ನೂರಕ್ಕೆ ಸುಮಾರು 70, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು 50, ಜರ್ಮನ್ ಶೆಫರ್ಡ್‌ಗಳಲ್ಲಿ ಸುಮಾರು 10 ನಾಯಿಗಳಲ್ಲಿ ಈ ದೋಷ ಉಂಟು, ಕ್ರಾಸ್‌ಗಳಿಗೂ ಇಳಿದು ಬರುತ್ತದೆ. ಲೆಕ್ಕ ನೋಡಿ: ದನಗಳಿಗೆ ಬಳಸುವ ಶೇ 1ರ ಇಂಜೆಕ್ಷನ್‌ನ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ. 20 ಕಿಲೋ ನಾಯಿಗೆ ಒಂದು ಎಂಎಲ್ ಕೊಟ್ಟರೆ ಕಿಲೋಗೆ 500 ಮೈಕ್ರೋಗ್ರಾಂ. ದೋಷವಿರುವ ನಾಯಿಗೆ ಸುಮಾರು 100 ಮೈಕ್ರೋಗ್ರಾಂಗೇ ವಿಷವೇರಲು ಶುರು. ಜೊಲ್ಲು, ತೂರಾಟ, ಅಗಲವಾದ ಕಣ್ಣಪಾಪೆ, ಕುರುಡು, ಆಮೇಲೆ ಪ್ರಜ್ಞೆ ತಪ್ಪುವುದು. ಇದಕ್ಕೆ ಪ್ರತಿಮದ್ದು ಇಲ್ಲ, ದಿನಗಟ್ಟಲೆ ಆರೈಕೆ ಮಾಡಿ ಕಾಯುವುದೊಂದೇ. ಆದ್ದರಿಂದ ಕುರಿನಾಯಿ ರಕ್ತದ ಸಂಶಯ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಫ್ಲುರಲಾನರ್, ಅಫಾಕ್ಸೊಲಾನರ್‌ನಂಥ ಬೇರೆ ಮದ್ದುಗಳಿವೆ, ಅಪಸ್ಮಾರ ಇದ್ದ ನಾಯಿಗೆ ಅವು ಬೇಡ ಎಂಬ ಎಚ್ಚರದೊಂದಿಗೆ. ಹಾಗೆಯೇ ಶೆಫರ್ಡ್ ಹೋಲುವ ನಾಯಿ ರಾಶಿ ತಿಂದೂ ದಪ್ಪವಾಗದೆ, ಮಲ ಜಿಡ್ಡುಜಿಡ್ಡಾಗಿ ಪೇಲವ ಬಣ್ಣದಲ್ಲಿ ಹೋದರೆ ಮೇದೋಜೀರಕದ ತೊಂದರೆ ಇರಬಹುದು, ರಕ್ತದಲ್ಲಿ ಟಿಎಲ್ಐ ಪರೀಕ್ಷೆ ಕೇಳಿ. ಈ ಎರಡಕ್ಕೂ ಪ್ಯೂರ್ ಆಗಿರಬೇಕೆಂದಿಲ್ಲ, ಸಂಶಯವೇ ಸಾಕು.

ತಳಿಯ ಹೆಸರು ಬರೆಯುವಾಗ ಇನ್ನೊಂದು ನೆನಪಿರಲಿ. 2024ರ ಮಾರ್ಚ್‌ನಲ್ಲಿ ಕೇಂದ್ರದ ಸುತ್ತೋಲೆಯೊಂದು ರಾಟ್‌ವೀಲರ್, ಕಕೇಶಿಯನ್ ಶೆಫರ್ಡ್ ಸೇರಿ 23 ತಳಿಗಳನ್ನೂ ಅವುಗಳ ಕ್ರಾಸ್‌ಗಳನ್ನೂ ಅಪಾಯಕಾರಿ ಎಂದಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಆದರೂ ಅಪಾರ್ಟ್‌ಮೆಂಟ್ ಸಂಘಗಳ ತಲೆಯಿಂದ ಆ ಪಟ್ಟಿ ಹೋಗಿಲ್ಲ. ನೀವು ಖುಷಿಗೆ ಬರೆದ "ರಾಟ್‌ವೀಲರ್ ಕ್ರಾಸ್" ಎಂಬ ಎರಡು ಪದಕ್ಕೆ ನಾಯಿಗೆ ಮನೆ ತಪ್ಪಬಹುದು.

ಪೋಸ್ಟ್ ಹಾಕುವಾಗ ಹೀಗೆ ಬರೆಯಿರಿ: "ಹೆಣ್ಣು, ಸುಮಾರು 2 ವರ್ಷ, ಎತ್ತರ 56 ಸೆಂ.ಮೀ., 21 ಕಿಲೋ, ನೋಡಲು ಜರ್ಮನ್ ಶೆಫರ್ಡ್ ಹೋಲುತ್ತದೆ, ತಳಿ ಖಚಿತವಿಲ್ಲ, ಚಿಪ್ ಇಲ್ಲ, ಆಪರೇಷನ್ ಆಗಿದೆ." ಮರಿಯಾಗದಂತೆ ಮಾಡುವ ಆಪರೇಷನ್ ಆಗದೆ ಕೊಡುವುದೇ ಬೇಡ. ಇಷ್ಟು ಬರೆದ ಮೇಲೂ ಫೋನ್ ಬರುತ್ತದೆ. "ಅಕ್ಕಾ, ಪ್ಯೂರಾ? ಮರಿ ಹಾಕ್ತದಾ?" ಎಂದು ಆ ಕಡೆಯಿಂದ ಮೊದಲು ಕೇಳಿದರೆ, ಊಟದ ವಿಷಯವನ್ನೂ ಜಾಗದ ವಿಷಯವನ್ನೂ ವಿಚಾರಿಸುವ ಕಷ್ಟ ತೆಗೆದುಕೊಳ್ಳಬೇಡಿ. ಫೋನ್ ಇಟ್ಟುಬಿಡಿ.