ಕಾಸರಗೋಡಿನ ಬಗೆಗಿನ ಸಂದೇಶ: ಒಂದು ಸ್ಪಷ್ಟನೆ

‘1956ರಲ್ಲಿ ಕರ್ನಾಟಕದಿಂದ ಕಾಸರಗೋಡನ್ನು ಕಿತ್ತುಕೊಂಡರು, ಅಲ್ಲಿನ ಹಿರಿಯ ಕವಿಗಳೆಲ್ಲರ ಮನೆಮಾತು ಕನ್ನಡವೇ ಆಗಿತ್ತು’ ಎಂಬ ಸಂದೇಶ ನಮ್ಮ ಹುಡುಗರ ಮೊಬೈಲ್‌ಗಳಲ್ಲಿ ಮತ್ತೆ ಓಡಾಡುತ್ತಿದೆ. ಅಭಿಮಾನ ಸರಿ, ಸಂಗತಿ ತಪ್ಪು.

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿತ್ತು; ಅಂದು ಕೇರಳಕ್ಕೆ ಸೇರಿತು. ‘ಕರ್ನಾಟಕ’ ಎಂಬ ಹೆಸರಿನ ರಾಜ್ಯವೇ ಆಗ ಇರಲಿಲ್ಲ. ಮೈಸೂರು ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ‘ರಾಷ್ಟ್ರಕವಿ’ ಬಿರುದು ಕೊಟ್ಟದ್ದೂ ಮದ್ರಾಸ್ ಸರ್ಕಾರವೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ನಿಜ. ಅದು ಜಾರಿಯಾಗಲಿಲ್ಲ. ಆ ನೋವು ಸುಳ್ಳಲ್ಲ.

ಇನ್ನು ಮನೆಮಾತು. ಪೈಗಳದು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಕನ್ನಡವನ್ನು ಅವರು ಬರವಣಿಗೆಗೆ ಆರಿಸಿಕೊಂಡರು. ನನಗಂತೂ ಇದೇ ದೊಡ್ಡ ಮಾತೆನಿಸುತ್ತದೆ. ಇವತ್ತಿಗೂ ಇಲ್ಲಿನ ಹುಡುಗಿಯೊಬ್ಬಳು ಅಜ್ಜಿಯೊಡನೆ ತುಳು, ಬಸ್ ಕಂಡಕ್ಟರನೊಡನೆ ಮಲಯಾಳ ಮಾತನಾಡಿ, ಸೀಟು ಸಿಕ್ಕೊಡನೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕನ್ನಡ ಪದ್ಯ ಗೀಚುತ್ತಾಳೆ. ‘ಮನೆಯಲ್ಲಿ ಕನ್ನಡ ಆಡದವಳು ಎಂಥ ಕನ್ನಡತಿ?’ ಎಂದು ಅವಳನ್ನು ಕೇಳುವವರು ಮೊದಲು ಅದೇ ಪ್ರಶ್ನೆಯನ್ನು ಗೋವಿಂದ ಪೈಗಳಿಗೆ ಕೇಳಲಿ.