ಪಿಕಪ್ ಕೊಂಡೆ, ಮಾನ ಕಳೆದುಕೊಂಡೆ

ಈ ಸಲ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಭಾವಗೀತೆ ಕಾರ್ಯಕ್ರಮ ಇತ್ತು. ಹಾಡೋಕೆ ಪಕ್ಕದ ಮನೆ ಹುಡುಗಿ, ತಬಲಾಗೆ ಅವಳ ಸೋದರಮಾವ, ಗಿಟಾರ್‌ಗೆ ನಾನು. ಹದಿನೈದು ದಿನ ಕೂತು ಪ್ರಾಕ್ಟೀಸ್ ಮಾಡಿದ್ದೆವು. ವೇದಿಕೆ ಹತ್ತಿ, ಗಿಟಾರಿಗೆ ಅಂಟಿಸಿದ್ದ ಪಿಕಪ್‌ಗೆ (ಗಿಟಾರಿನ ಸದ್ದನ್ನು ಸೌಂಡ್ ಸಿಸ್ಟಮ್‌ಗೆ ಕಳಿಸುವ ಪುಟ್ಟ ಸಾಧನ) ಕೇಬಲ್ ಚುಚ್ಚಿ, ಮೊದಲ ಕಾರ್ಡ್ ಬಾರಿಸಿದೆ. ಡಾಲ್ಡಾ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಮೀಟಿದರೆ ಹೇಗಿರುತ್ತೆ, ಹಾಗೆ ಬಂತು ಸದ್ದು. ಸೌಂಡ್ ಸಿಸ್ಟಮ್ ಅಣ್ಣ ಮಿಕ್ಸರ್ ಹತ್ತಿರ ನಿಂತು ಮೈಕಿನಲ್ಲೇ ಕೇಳಿದ, “ಸಾರ್, ನಿಮ್ ಗಿಟಾರಲ್ಲಿ ಬೇಸೇ ಇಲ್ವಲ್ಲ ಸಾರ್?” ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ಅತ್ತೆ ಮಾವನಿಗೂ ಕೇಳಿಸಿತು. ಸಾಲದ್ದಕ್ಕೆ ನನ್ನ ಅಂಗಿ ಗುಂಡಿ ಗಿಟಾರ್ ಬೆನ್ನಿಗೆ ತಾಗಿದಾಗಲೆಲ್ಲ ಟಕ್ ಟಕ್ ಅಂತ ಸದ್ದು, ತಬಲಾಗಿಂತ ಜೋರಾಗಿ.

ನನ್ನ ಗಿಟಾರಲ್ಲಿ ಬೇಸ್, ಅಂದ್ರೆ ಆ ದಪ್ಪ ದನಿ, ಇದೆ ಸ್ವಾಮಿ. ಒಂಬತ್ತು ಸಾವಿರ ಕೊಟ್ಟು ತಂದದ್ದು. ಹಜಾರದಲ್ಲಿ ಬಾರಿಸಿದರೆ ಅಮ್ಮ ಟಿವಿ ಸೌಂಡ್ ಜಾಸ್ತಿ ಮಾಡಬೇಕಾಗುತ್ತೆ. ಎಡವಟ್ಟಾಗಿದ್ದು 650 ರೂಪಾಯಿಯ ಅಂಟಿಸುವ ಪಿಕಪ್‌ನಿಂದ. ಅಂಗಡಿಯವನನ್ನು ಎರಡೆರಡು ಸಲ ಕೇಳಿದ್ದೆ, “ಇದೊಂದಿದ್ರೆ ಸಾಕಾ? ಬೇರೇನಾದ್ರೂ ಬೇಕಾ?” ಅಂತ. “ಅಂಟ್ಸಿ, ಚುಚ್ಚಿ, ಬಾರ್ಸಿ. ಅಷ್ಟೇ ಸಾರ್” ಅಂದ. ಆ “ಅಷ್ಟೇ” ಅನ್ನೋ ಪದ ಈಗಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ.

ಹಬ್ಬ ಮುಗಿದ ವಾರ ಇನ್ನೊಂದು ಅಂಗಡಿಗೆ ಹೋದೆ. ಇವರು ಸೌಂಡ್‌ಹೋಲ್‌ಗೆ (ಗಿಟಾರಿನ ನಡುವಿನ ಗುಂಡು ತೂತು) ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ಕೊಟ್ಟರು. 2,200 ರೂಪಾಯಿ. ಪ್ರೊಫೆಷನಲ್ ಅಂತೆ. ಮನೆಗೆ ತಂದು ಹಾಕಿದರೆ ಮೇಲಿನ ಎರಡು ಸಣ್ಣ ತಂತಿ ಕಿರುಚುತ್ತವೆ, ಉಳಿದ ನಾಲ್ಕು ಬಾಯಲ್ಲಿ ಬಟ್ಟೆ ತುರುಕಿಕೊಂಡ ಹಾಗೆ ಗೊಣಗುತ್ತವೆ. ಯಾಕೆ ಅಂದ್ರೆ, ಮ್ಯಾಗ್ನೆಟ್‌ಗೆ ಸ್ಟೀಲ್ ಮಾತ್ರ ಗೊತ್ತಾಗೋದು. ನನ್ನದರ ಥರದ, ಕರೆಂಟಿಲ್ಲದೇ ನುಡಿಯುವ ಅಕೌಸ್ಟಿಕ್ ಗಿಟಾರಿನ ದಪ್ಪ ತಂತಿಗಳಲ್ಲಿ ಒಳಗಿನ ಎಳೆ ಸ್ಟೀಲ್, ಮೇಲೆ ಸುತ್ತಿರೋದು ಕಂಚು. ಕಂಚು ಅದರ ಲೆಕ್ಕಕ್ಕೇ ಇಲ್ಲ. ಅಕೌಸ್ಟಿಕ್‌ಗೆ ಅಂತಲೇ ಮಾಡಿದ ಒಳ್ಳೆಯ ಪಿಕಪ್‌ಗಳಲ್ಲಿ ಇದನ್ನು ಸರಿದೂಗಿಸಿರುತ್ತಾರೆ. ನನಗೆ ದಾಟಿಸಿದ್ದರಲ್ಲಿ ಅದೆಲ್ಲ ಏನೂ ಇರಲಿಲ್ಲ. ವಾಪಸ್ ಕೊಡೋಕೆ ಹೋದಾಗ ಅದೇ ಥರದ ಪಿಕಪ್ಪನ್ನು ನೈಲಾನ್ ತಂತಿ ಗಿಟಾರ್ ಹಿಡಿದುಕೊಂಡು ಬಂದ ಕಾಲೇಜು ಹುಡುಗನಿಗೆ ಮಾರುತ್ತಿದ್ದರು! ನೈಲಾನ್! ಒಂದು ಚೂರೂ ಸದ್ದು ಬರಲ್ಲ ಕಣಪ್ಪ ಅಂತ ಹೇಳಿ ಅವನನ್ನು ಹೊರಗೆ ಕರೆತಂದೆ. ಇನ್ನು ನನ್ನ ದುಡ್ಡು ವಾಪಸ್ ಬರುತ್ತಾ? ಬರಲಿಲ್ಲ.

ರಿಪೇರಿ ಅಂಗಡಿಯವರೊಬ್ಬರು ಗಿಟಾರಿನ ಪಕ್ಕೆ ಕೊಯ್ದು ಪ್ರಿಆಂಪ್ (ಪಿಕಪ್‌ನ ಬಡಕಲು ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಕೂರಿಸುತ್ತೇನೆ, ತಳಕ್ಕೊಂದು 12 ಎಂಎಂ ತೂತು ಕೊರೆಯುತ್ತೇನೆ ಅಂದರು. ಗಿಟಾರ್ ಎತ್ತಿಕೊಂಡು ಓಡಿ ಬಂದೆ.

ಇನ್ನು ಗೊತ್ತಿರೋರನ್ನ ಕೇಳಿದರೆ ಎಲ್ಲರದೂ ಒಂದೇ ಮಂತ್ರ, “ಒಳ್ಳೇದು ತಗೋ ಗುರು. ಎಲ್.ಆರ್. ಬ್ಯಾಗ್ಸ್ ತಗೋ, ಕೆ ಆಂಡ್ ಕೆ ತಗೋ.” ಎರಡೂ ಪಿಕಪ್ ಮಾಡೋ ಕಂಪನಿಗಳು. ಅವರು ಹೇಳೋ ಮಾಡೆಲ್‌ಗಳ ಬೆಲೆ ನನ್ನ ಗಿಟಾರ್‌ಗಿಂತ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ. ತಮಾಷೆ ನೋಡಿ, ಕೆ ಆಂಡ್ ಕೆಯವರ ಪ್ಯೂರ್ ಮಿನಿ ಅನ್ನೋದೂ ಬ್ರಿಡ್ಜ್ (ತಂತಿ ಸಿಕ್ಕಿಸುವ ಮರದ ಪಟ್ಟಿ) ಕೆಳಗೆ ಒಳಗಡೆಯಿಂದ ಅಂಟಿಸುವ ಮೂರು ಪುಟ್ಟ ತಟ್ಟೆಗಳೇ. ಅಂದರೆ ಅಂಟಿಸುವ ಪಿಕಪ್ ಅನ್ನೋದೇ ಕೆಟ್ಟದ್ದಲ್ಲ.

ಇದು ನನಗೆ ಅರ್ಥವಾಗಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ರೆಸಿಸ್ಟರ್ ಮಾರುವ ಅಂಗಡಿಯ ಹುಡುಗನಿಂದ. ಮೀಸೆ ಕೂಡ ಸರಿಯಾಗಿ ಬಂದಿಲ್ಲ ಅವನಿಗೆ. ನನ್ನ 650 ರೂಪಾಯಿ ಪಿಕಪ್ ಇಸ್ಕೊಂಡು, ಹಿಂದಿನ ಸ್ಪಂಜು ಉಗುರಲ್ಲಿ ಎಬ್ಬಿಸಿದ. ಒಳಗೆ 27 ಎಂಎಂ ಹಿತ್ತಾಳೆ ತಟ್ಟೆ, ನಡುವೆ ಬಿಳಿ ಚುಕ್ಕೆ. ಡಬ್ಬಿಯಿಂದ ಅಂಥದ್ದೇ ಇನ್ನೊಂದು ತೆಗೆದು ಪಕ್ಕದಲ್ಲಿಟ್ಟ. “ಪೀಜೋ. ಹತ್ತು ರೂಪಾಯಿ” ಅಂದ. ಆಮೇಲೆ ಕೇಳಿದ, “ನೇರ ಮಿಕ್ಸರ್‌ಗೆ ಕೊಟ್ರಾ ಅಣ್ಣಾ? ಮಧ್ಯೆ ಬಫರ್ ಇಲ್ದೇನೇ?”

ವಿಷಯ ಇಷ್ಟೇ. ಪೀಜೋ ಅಂದ್ರೆ ಒತ್ತಿದರೆ, ಅದುರಿದರೆ ಕರೆಂಟ್ ಹುಟ್ಟಿಸುವ ವಸ್ತು. ಅದಕ್ಕೆ ಮುಂದೆ ಕನಿಷ್ಠ 1 ಮೆಗಾ ಓಮ್ ಇನ್‌ಪುಟ್ ಬೇಕು, ಅಂದ್ರೆ ಅದರ ಕರೆಂಟನ್ನು ಎಳೆದುಕೊಳ್ಳದ ಇನ್‌ಪುಟ್. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋ ಓಮ್, ತೀರಾ ಕಮ್ಮಿ. ಅಲ್ಲಿಗೆ ನೇರವಾಗಿ ಚುಚ್ಚಿದರೆ ಬೇಸ್ ಅಷ್ಟೂ ಸೋರಿಹೋಗುತ್ತೆ. ಹುಡುಗ ಹೇಳಿದ ಬಫರ್ ಕೆಲಸಕ್ಕೆ ಮಧ್ಯೆ ಪುಟ್ಟ ಪ್ರಿಆಂಪ್ ಇದ್ದರೆ ಸಾಕು, ಅಥವಾ ಆಕ್ಟಿವ್ ಡಿಐ ಬಾಕ್ಸ್ (ಗಿಟಾರ್ ಮತ್ತು ಮಿಕ್ಸರ್ ನಡುವೆ ಇಡುವ, ಕರೆಂಟಲ್ಲಿ ನಡೆಯುವ ಡಬ್ಬಿ). ಗುಂಡಿಯ ಟಕ್ ಟಕ್ ಹೋಗಲ್ಲ, ಅದಕ್ಕೆ ಟೀ ಶರ್ಟ್ ಹಾಕಿಕೊಳ್ಳುತ್ತೇನೆ ಬಿಡಿ. ಆದರೆ ಬೇಸ್ ಬರುತ್ತೆ. ಕ್ಯೂರಿ ಸಹೋದರರು ಪೀಜೋ ಗುಣ ಕಂಡುಹಿಡಿದದ್ದು 1880ರಲ್ಲಿ. ಗ್ಯಾಸ್ ಲೈಟರ್ ಕಿಡಿ ಹಾರಿಸೋದೂ ಅದರಿಂದಲೇ. ದಿನಾ ಪಿಕಪ್ ಮಾರೋರಿಗೆ “ಇದರ ಜೊತೆ ಪ್ರಿಆಂಪ್ ಬೇಕು” ಅಂತ ನಾಲ್ಕು ಪದ ಹೇಳೋಕೆ ಏನು ರೋಗ?

ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಮತ್ತೆ ಕರೆದಿದ್ದಾರೆ. ನಿನ್ನೆ ಅದೇ ಸೌಂಡ್ ಸಿಸ್ಟಮ್ ಅಣ್ಣನಿಗೆ ಫೋನ್ ಮಾಡಿ, ಎಲ್ಲಾದರೂ ಆಕ್ಟಿವ್ ಡಿಐ ಬಾಕ್ಸ್ ಬಾಡಿಗೆಗೆ ಸಿಗುತ್ತಾ ಅಂತ ಕೇಳಿದೆ.

“ಬಾಡ್ಗೆ ಯಾಕೆ ಸಾರ್, ನಮ್ ಹತ್ರಾನೇ ಎರಡಿದೆ. ಗಣಪತಿ ದಿನಾನೂ ಪೆಟ್ಟಿಗೇಲೇ ಇತ್ತು. ನೀವು ಕೇಳ್ಲಿಲ್ವಲ್ಲ?”