ರಾಜನ್–ನಾಗೇಂದ್ರರ ಹಾಡು ನಮ್ಮೆಲ್ಲರ ಕೊರಳಿಗೂ ಹೊಂದುವುದೇಕೆ

ಕನ್ನಡ ಚಿತ್ರಸಂಗೀತದಲ್ಲಿ ನನಗೆ ಇಷ್ಟವಾದವರು ಹಲವರಿದ್ದಾರೆ. ಜಿ.ಕೆ. ವೆಂಕಟೇಶ್ ಅವರ ಗಾಂಭೀರ್ಯ, ವಿಜಯಭಾಸ್ಕರ್ ಅವರ ಪ್ರಯೋಗದ ಹಂಬಲ, ಎಂ. ರಂಗರಾವ್ ಅವರ ಲಾಲಿತ್ಯ, ಇವುಗಳಲ್ಲಿ ಯಾವುದನ್ನೂ ಕಡಿಮೆ ಎನ್ನಲು ನನಗೆ ಮನಸ್ಸು ಬಾರದು. ಆದರೆ ಬುದ್ಧಿ ಬಂದಾಗಿನಿಂದ ಇಂದಿನವರೆಗೆ, ಸಂತೋಷವಿರಲಿ ಬೇಸರವಿರಲಿ, ನನಗೆ ಗೊತ್ತಿಲ್ಲದೆಯೇ ಬಾಯಿಗೆ ಬರುವ ಹಾಡು ಯಾರದೆಂದು ನೋಡಿದರೆ ಅದು ಹೆಚ್ಚುಪಾಲು ರಾಜನ್–ನಾಗೇಂದ್ರ ಅವರದ್ದೇ ಆಗಿರುತ್ತದೆ. ಇದು ಹಳೆಯ ಕಾಲದ ಮೇಲಿನ ಮೋಹವೆಂದು ಕೆಲವು ಸ್ನೇಹಿತರು ಹೇಳುವುದುಂಟು. ನಾನದನ್ನು ಒಪ್ಪುವುದಿಲ್ಲ. ನನ್ನ ಬಾಲ್ಯದಲ್ಲಿ ಕೇಳಿದ ಹಾಡುಗಳೆಲ್ಲವೂ ನನ್ನ ಜೊತೆಗೆ ಉಳಿದಿಲ್ಲ. ಇವರ ಹಾಡುಗಳು ಉಳಿದಿವೆ. ಸಂಗೀತ ಕಲಿಯದವನ ಕೊರಳನ್ನೂ ಆಡುಮಾತಿನ ಜಾಡನ್ನೂ ಇಷ್ಟು ಗೌರವದಿಂದ ಕಂಡ ಸಂಗೀತ ನಿರ್ದೇಶಕರು ನಮ್ಮಲ್ಲಿ ಬಹಳ ಮಂದಿ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಣ್ಣತಮ್ಮಂದಿರು ಹುಟ್ಟಿದ್ದು ಮೈಸೂರಿನ ಸಂಗೀತದ ಮನೆಯೊಂದರಲ್ಲಿ. ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದವರು. ಮಾತಿಲ್ಲದ ಪರದೆಯ ಮುಂದೆ ಕುಳಿತು, ದೃಶ್ಯಕ್ಕೆ ತಕ್ಕ ಭಾವವನ್ನು ಸ್ವರದಲ್ಲೇ ಹೇಳಬೇಕಾಗಿದ್ದ ಕಸುಬು ಅದು. ರಾಜನ್ ಪಿಟೀಲು ಕಲಿತರು, ನಾಗೇಂದ್ರ ಜಲತರಂಗ ಕಲಿತರು. ಇವರ ಹಾಡುಗಳನ್ನು ಕೇಳುವಾಗಲೆಲ್ಲ ನನಗೆ ಈ ಎರಡು ವಾದ್ಯಗಳು ನೆನಪಾಗುತ್ತವೆ. ಹಾಡುವ ಸಾಲು ಪಿಟೀಲಿನ ಕಮಾನಿನಂತೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಸಾಲು ಮುಗಿದಲ್ಲಿ ಬರುವ ಸಣ್ಣ ವಾದ್ಯದ ತುಣುಕು ಜಲತರಂಗದ ಹಾಗೆ ಬಿಡಿಬಿಡಿಯಾಗಿ, ಹನಿ ಬಿದ್ದಂತೆ ಕೇಳುತ್ತದೆ. ಐವತ್ತರ ದಶಕದ ಆರಂಭದಲ್ಲಿ ಚಿತ್ರರಂಗಕ್ಕೆ ಬಂದ ಈ ಜೋಡಿಯ ನಿಜವಾದ ಸುಗ್ಗಿ ಎಪ್ಪತ್ತರ ದಶಕ.

ಆ ದಶಕದ ನಡುವೆ, 1974ರಲ್ಲಿ ಬಂದ ‘ಎರಡು ಕನಸು’ ಚಿತ್ರದ ‘ಎಂದೆಂದು ನಿನ್ನನು ಮರೆತು’ ಹಾಡನ್ನೇ ತೆಗೆದುಕೊಳ್ಳಿ. ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ ಯುಗಳಗೀತೆ. ಪಲ್ಲವಿಯ ಮೊದಲ ಸಾಲು ‘ಮರೆತು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಿಂತು, ಆ ಸ್ವರವನ್ನು ಉದ್ದಕ್ಕೆ ಹಿಡಿದು, ಆಮೇಲೆ ‘ಬದುಕಿರಲಾರೆ’ ಎಂದು ಇಳಿಯುತ್ತದೆ. ಪ್ರೀತಿಸಿದವರ ಮುಂದೆ ಇಂಥ ಮಾತನ್ನು ನಿಜವಾಗಿ ಆಡುವವನೂ ಅಲ್ಲಿಯೇ ತಡೆಯುತ್ತಾನೆ, ಉಸಿರೆಳೆದುಕೊಳ್ಳುತ್ತಾನೆ, ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಧಾಟಿ ಮಾತಿನ ಆ ತಡೆಯನ್ನು ಹಾಗೆಯೇ ಎತ್ತಿಕೊಂಡಿದೆ. ಹಾಡುವವರಿಗೆ ಉಸಿರು ಬೇಕಾದಲ್ಲಿ ಉಸಿರಿಗೆ ಜಾಗವಿದೆ, ಅರ್ಥಕ್ಕೆ ವಿರಾಮ ಬೇಕಾದಲ್ಲಿ ವಿರಾಮವಿದೆ, ಮತ್ತು ಎರಡೂ ಒಂದೇ ಜಾಗದಲ್ಲಿವೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಪ್ರವಾಸದಲ್ಲಿ ಸಂಗೀತದ ಗಂಧವಿಲ್ಲದವರೂ ಈ ಹಾಡನ್ನು ಧೈರ್ಯವಾಗಿ ಎತ್ತಿಕೊಳ್ಳುವುದು ಇದರಿಂದಲೇ. ಇದೇ ಧಾಟಿ ಮುಂದೆ ತೆಲುಗಿನ ‘ಪೂಜ’ ಚಿತ್ರಕ್ಕೆ ಹೋಗಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ವಾಣಿ ಜಯರಾಂ ಅವರ ದನಿಯಲ್ಲಿ ಅಲ್ಲಿಯ ಮನೆಮಾತಾಯಿತು.

ಅವರು ಕೊರಳನ್ನು ಬಲ್ಲವರು ಎಂದು ನಾನು ಹೇಳುವಾಗ ಕೇಳುಗನ ಕೊರಳಿನ ಜೊತೆಗೆ ಗಾಯಕರ ಕೊರಳೂ ನನ್ನ ಮನಸ್ಸಿನಲ್ಲಿದೆ. 1971ರ ‘ನ್ಯಾಯವೇ ದೇವರು’ ಚಿತ್ರದ ‘ಆಕಾಶವೇ ಬೀಳಲಿ ಮೇಲೆ’ ಹಾಡಿನಲ್ಲಿ ಅಷ್ಟು ದೊಡ್ಡ ಪ್ರತಿಜ್ಞೆಯ ಮಾತಿದ್ದರೂ ಪಿ.ಬಿ. ಶ್ರೀನಿವಾಸರ ಮೆತ್ತನೆಯ ದನಿಯನ್ನು ಅವರು ಕೂಗಿಗೆ ಎಳೆಯಲಿಲ್ಲ. ಕೈಹಿಡಿದವಳ ಕಿವಿಗಷ್ಟೇ ಕೇಳಬೇಕಾದ ಮಾತಿನಂತೆ ಅದನ್ನು ಹಾಡಿಸಿದರು. ಕೆಲವೇ ವರ್ಷಗಳಲ್ಲಿ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ, ನಾಟಕದ ಕಂಪನಿಯಲ್ಲಿ ಪಳಗಿದ ತುಂಬುದನಿಗೆ ತಕ್ಕಂತೆ ಧಾಟಿಯ ಮೈಕಟ್ಟೂ ಬದಲಾಯಿತು. 1976ರ ‘ನಾ ನಿನ್ನ ಮರೆಯಲಾರೆ’ ಮತ್ತು 1982ರ ‘ಚಲಿಸುವ ಮೋಡಗಳು’ ಚಿತ್ರಗಳ ಹಾಡುಗಳನ್ನು ಹಿಂದಿನವುಗಳ ಪಕ್ಕದಲ್ಲಿಟ್ಟು ಕೇಳಿದರೆ ಇದು ತಿಳಿಯುತ್ತದೆ. ‘ಆಟೋ ರಾಜ’ದ ‘ನಲಿವಾ ಗುಲಾಬಿ ಹೂವೆ’ಯಲ್ಲಿ ಎಸ್‌ಪಿಬಿ ಅವರ ದನಿಯ ನಗುವಿಗೂ ನಿಟ್ಟುಸಿರಿಗೂ ಧಾರಾಳವಾಗಿ ಎಡೆ ಮಾಡಿಕೊಟ್ಟರು. ಇನ್ನು ‘ಬೆಟ್ಟದ ಹೂವು’ ಚಿತ್ರದಲ್ಲಿ ಬಾಲಕ ಪುನೀತ್ ಹಾಡಿದ ‘ಬಿಸಿಲೇ ಇರಲಿ, ಮಳೆಯೇ ಬರಲಿ’ಯನ್ನು ಕೇಳಿ. ಮಗುವಿನ ಕೈಲಾಗದ ಸಂಗತಿ ಅದರಲ್ಲಿ ಒಂದೂ ಇಲ್ಲ, ಹಾಗೆಂದು ಮಗುವೆಂಬ ತಾತ್ಸಾರವೂ ಇಲ್ಲ. ಶಾಲೆಗೆ ಓಡುವ ಹುಡುಗನ ಹೆಜ್ಜೆಯ ಲಯದಲ್ಲಿ ಅದು ಸಾಗುತ್ತದೆ.

ಈ ಹಾಡುಗಳ ಬಹುಪಾಲು ಸಾಹಿತ್ಯ ಚಿ. ಉದಯಶಂಕರ್ ಅವರದು. ಸರಳವಾದ ಮಾತು ಸರಳವಾದ ಧಾಟಿಯನ್ನು ಕಂಡುಕೊಂಡಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅವರ ಬಗ್ಗೆ ಬರೆಯಲು ಹೊರಟರೆ ಅದಕ್ಕೇ ಬೇರೆ ಬರಹ ಬೇಕು.

ನಮ್ಮಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು, ಅಡುಗೆ ಮನೆಯ ಕೆಲಸದ ನಡುನಡುವೆ ಓದುತ್ತಿದ್ದ ತಲೆಮಾರಿನವರು. ‘ಎರಡು ಕನಸು’ ವಾಣಿಯವರ ಕಾದಂಬರಿ, ‘ಬಯಲುದಾರಿ’ ಭಾರತೀಸುತರದು, ‘ಹೊಂಬಿಸಿಲು’ ಉಷಾ ನವರತ್ನರಾಂ ಅವರದು. ಓದಿದ ಕಥೆಯನ್ನೇ ಪರದೆಯ ಮೇಲೆ ನೋಡಿ ಬಂದ ಆ ಹೆಂಗಸರಿಗೆ ಹಾಡುಗಳು ಕಾದಂಬರಿಯ ಮುಂದಿನ ಪುಟಗಳಾಗಿದ್ದವು. ‘ಬಯಲುದಾರಿ’ಯಲ್ಲಿ ಎಸ್. ಜಾನಕಿ ಹಾಡಿದ ‘ಬಾನಲ್ಲು ನೀನೇ, ಭುವಿಯಲ್ಲು ನೀನೇ’ ಅಮ್ಮನಿಗೆ ಪ್ರಾಣ. ಅವರು ಅದನ್ನು ಹಾಡುವಾಗ ಪಲ್ಲವಿ ಮುಗಿಸಿ ನೇರವಾಗಿ ಚರಣಕ್ಕೆ ಹೋಗುತ್ತಿರಲಿಲ್ಲ. ನಡುವಿನ ವಾದ್ಯದ ಭಾಗವನ್ನೂ ಬಾಯಲ್ಲೇ ಗುನುಗಿ, ಅದು ಪೂರ್ತಿಯಾದ ಮೇಲೆಯೇ ಚರಣಕ್ಕೆ ಬರುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, ಗಣೇಶೋತ್ಸವಗಳಲ್ಲಿ ಆರ್ಕೆಸ್ಟ್ರಾಕ್ಕೆ ಪಿಟೀಲು ನುಡಿಸುತ್ತಿದ್ದ ಹಿರಿಯರೊಬ್ಬರು ಇದೇ ಸಂಗತಿಯನ್ನು ಬೇರೆ ರೀತಿಯಲ್ಲಿ ಹೇಳಿದರು. ‘ಬೇರೆ ಹಾಡಿನಲ್ಲಿ ಒಂದು ಬಿಟ್ ತಪ್ಪಿದರೆ ಸ್ಟೇಜಿನ ಮೇಲಿರುವವರಿಗೆ ಮಾತ್ರ ಗೊತ್ತಾಗುತ್ತದೆ ಸ್ವಾಮಿ, ರಾಜನ್–ನಾಗೇಂದ್ರರ ಬಿಟ್ ತಪ್ಪಿದರೆ ಕುರ್ಚಿಯಲ್ಲಿ ಕೂತವರೆಲ್ಲ ತಲೆಯೆತ್ತಿ ನೋಡುತ್ತಾರೆ’ ಎಂದರು. ಆ ವಾದ್ಯದ ತುಣುಕುಗಳು ಜಾಗ ತುಂಬಿಸಲು ಬಂದವಲ್ಲ; ಹಾಡಿನ ಮಾತು ಹೇಳದೆ ಬಿಟ್ಟದ್ದನ್ನು ಅವು ಹೇಳುತ್ತವೆ.

ಮಾಧುರ್ಯ ಬಿಟ್ಟರೆ ಇವರಲ್ಲಿ ಬೇರೇನಿದೆ ಎಂದು ಕೇಳುವವರಿಗೆ ನಾನು ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದ ‘ಪರಸಂಗದ ಗೆಂಡೆತಿಮ್ಮ’ವನ್ನು ತೋರಿಸುತ್ತೇನೆ. ದೊಡ್ಡರಂಗೇಗೌಡರ ಹಳ್ಳಿಯ ನುಡಿ, ಲೋಕೇಶ್ ಅವರ ಆ ಮುಗ್ಧ ಗೆಂಡೆತಿಮ್ಮ. ‘ತೇರಾ ಏರಿ ಅಂಬರದಾಗೆ’ ಶುರುವಾದರೆ ಪೇಟೆಯ ಪ್ರೇಮಗೀತೆಗಳ ನಯವೆಲ್ಲ ಬದಿಗೆ ಸರಿದು, ಬೆಳ್ಳಂಬೆಳಗ್ಗೆ ಹೊಲದ ಬದುವಿನ ಮೇಲೆ ನಡೆಯುವವನ ಹುರುಪು ಕೇಳುತ್ತದೆ. ಅದೇ ಜೋಡಿ ಅದೇ ವರ್ಷ, 1978ರಲ್ಲಿ, ‘ಹೊಂಬಿಸಿಲು’ ಚಿತ್ರಕ್ಕೆ ‘ಜೀವವೀಣೆ ನೀಡು ಮಿಡಿತದ ಸಂಗೀತ’ದಂಥ ಹಾಡನ್ನೂ ಕೊಟ್ಟಿದೆ. ಈ ಎರಡನ್ನು ಒಂದರ ಹಿಂದೆ ಒಂದು ಕೇಳಿದವರು ಇವರದು ಒಂದೇ ಅಚ್ಚಿನ ಸಂಗೀತ ಎಂದು ಹೇಳಲಾರರು.

ಅವರು ಮಾಡಿದ್ದೆಲ್ಲವೂ ಇದೇ ಎತ್ತರದ್ದೆಂದು ನಾನು ವಾದಿಸುವುದಿಲ್ಲ. ನೂರಾರು ಚಿತ್ರಗಳಿಗೆ ದುಡಿದವರ ಬುಟ್ಟಿಯಲ್ಲಿ ಸಾಧಾರಣವಾದವೂ ಇರುತ್ತವೆ, ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವು ಹೆಚ್ಚಾದವು ಎಂದೇ ನನಗನ್ನಿಸುತ್ತದೆ. 1987ರಲ್ಲಿ ‘ಪ್ರೇಮಲೋಕ’ದ ಮೂಲಕ ಹಂಸಲೇಖ ತಂದ ಹೊಸ ಲಯ ಕೇಳುಗರ ಕಿವಿಯನ್ನೇ ಬದಲಾಯಿಸಿತು. ಅದು ಆಗಬೇಕಾದದ್ದೇ, ಆ ಹಾಡುಗಳೂ ನನಗೆ ಪ್ರಿಯವಾದವೇ.

ನನ್ನನ್ನು ಕಾಡುವುದು ಬೇರೆಯೇ ಒಂದು ಸಂಗತಿ. ನಾಗೇಂದ್ರ 2000ದಲ್ಲಿ ತೀರಿಕೊಂಡರು. ರಾಜನ್ ಇನ್ನೂ ಇಪ್ಪತ್ತು ವರ್ಷ ನಮ್ಮ ನಡುವೆಯೇ ಇದ್ದು, ಎಸ್‌ಪಿಬಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ, 2020ರ ಅಕ್ಟೋಬರ್ 11ರಂದು ಹೊರಟುಹೋದರು. ಎಸ್‌ಪಿಬಿ ಅವರಿಗಾಗಿ ನಾಡೆಲ್ಲ ಕಣ್ಣೀರಿಟ್ಟಿತು, ಇಡಲೇಬೇಕಿತ್ತು. ಆದರೆ ಆ ದಿನಗಳಲ್ಲಿ ನಾವು ಹಂಚಿಕೊಂಡು ಅತ್ತ ಹಾಡುಗಳಲ್ಲಿ ಎಷ್ಟೊಂದು ರಾಜನ್–ನಾಗೇಂದ್ರರವು ಎಂಬುದು ಬಹಳ ಜನರ ಗಮನಕ್ಕೇ ಬರಲಿಲ್ಲ. ಹಿಂದೆ ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ಒಂದೊಂದಾಗಿ ಹೇಳುತ್ತಿದ್ದರು. ನಮ್ಮಂಥವರು ಈ ಹೆಸರನ್ನು ಕಲಿತದ್ದೇ ಹಾಗೆ. ಈಗ ಯೂಟ್ಯೂಬಿನಲ್ಲಿ ಅದೇ ಹಾಡು ನಾಯಕನಟರ ಹೆಸರಿನಲ್ಲಿ ಸಿಗುತ್ತದೆ. ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ ಕನ್ನಡ ನುಡಿ’ಯನ್ನು ಪ್ರತಿ ನವೆಂಬರಿನಲ್ಲೂ ಊರೂರಿನ ವೇದಿಕೆಗಳಲ್ಲಿ ಹಾಡುತ್ತಾರೆ. ಏರುದನಿಯಿಲ್ಲದೆ, ಮನೆಯವರ ಬಗ್ಗೆ ಮಾತಾಡಿದಷ್ಟು ಸಹಜವಾಗಿ ನಾಡನ್ನು ಹೊಗಳುವ ಆ ಧಾಟಿ ಯಾರದೆಂದು ನಿರೂಪಕರು ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ. ನಮ್ಮ ಬಡಾವಣೆಯ ಸಂಘದ ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಸಂಗೀತ ನಿರ್ದೇಶಕರ ಹೆಸರನ್ನೂ ಸಾಹಿತಿಯ ಹೆಸರನ್ನೂ ಅಚ್ಚು ಹಾಕಿಸಲು ಪದಾಧಿಕಾರಿಗಳನ್ನು ಒಪ್ಪಿಸಿದ್ದೇನೆ. ನಿಮ್ಮ ಊರಿನ ರಾಜ್ಯೋತ್ಸವದ ಜವಾಬ್ದಾರಿ ನಿಮ್ಮ ಮೇಲಿದ್ದರೆ ಈ ಸಲ ನೀವೂ ಅದನ್ನು ಮಾಡಿಸಿ.